ಮಾತ್ರೆ ಹುಡುಕುವ ಹೊತ್ತಲ್ಲ

ಮಾನ್ಯ ಸಂಪಾದಕರೇ,

ಪಾರ್ಶ್ವವಾಯು ಅಂದ ಕೂಡಲೇ ‘ಆಂಟಿಆಕ್ಸಿಡೆಂಟ್ ಮಾತ್ರೆ ಕೊಡಿ, ಮಿದುಳು ಉಳಿಯುತ್ತದೆ’ ಎನ್ನುವ ಸಲಹೆ ಈಗ ಜಾಸ್ತಿ ಕೇಳಿಬರುತ್ತಿದೆ. ಸುಮ್ನೆ ನಂಬಬೇಡಿ.

ಮಿದುಳಿನ ತೂಕ ದೇಹದ ತೂಕದಲ್ಲಿ ಶೇ 2ರಷ್ಟು. ಆದರೆ ನಾವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಅದರಲ್ಲಿ ಕೊಬ್ಬಿನಂಶವೂ ಹೆಚ್ಚು. ರಕ್ತನಾಳದಲ್ಲಿ ಹೆಪ್ಪುಗಟ್ಟಿ ಮಿದುಳಿಗೆ ರಕ್ತ ನಿಂತರೆ ಜೀವಕೋಶಗಳು ಸಾಯತೊಡಗುತ್ತವೆ. ವಿಚಿತ್ರವೆಂದರೆ, ರಕ್ತ ಮತ್ತೆ ಹರಿದಾಗಲೂ ಜೀವಕೋಶಗಳಿಗೆ ಹಾನಿ ಮಾಡುವ ಅಸ್ಥಿರ ಕಣಗಳಾದ ಫ್ರೀ ರ‍್ಯಾಡಿಕಲ್‌ಗಳು ಒಮ್ಮೆಲೇ ಹುಟ್ಟಿ ಆ ಕೊಬ್ಬನ್ನೇ ಕೆಡಿಸುತ್ತವೆ. ಆಂಟಿಆಕ್ಸಿಡೆಂಟ್ ಕೊಟ್ಟು ಇದನ್ನು ತಡೆಯುವುದು ಒಳ್ಳೆಯ ಯೋಚನೆಯೇ. ಎನ್‌ಎಕ್ಸ್‌ವೈ-059 ಎಂಬ ಇಂಥ ಔಷಧಿ ಪ್ರಾಣಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. 2006ರಲ್ಲಿ ರೋಗಿಗಳಲ್ಲೂ ಸ್ವಲ್ಪ ಆಸೆ ಹುಟ್ಟಿಸಿತು. ಮರುವರ್ಷ ಇನ್ನೂ ದೊಡ್ಡ ಪ್ರಯೋಗದಲ್ಲಿ ಸೋತಿತು. ಜಪಾನ್ 2001ರಲ್ಲೇ ಪಾರ್ಶ್ವವಾಯುವಿಗೆ ಇಂಥದ್ದೇ ಔಷಧಿಯಾದ ಎಡಾರಾವೋನ್‌ಗೆ ಒಪ್ಪಿಗೆ ಕೊಟ್ಟಿದೆ, ನಿಜ. ಅದು ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡುವ ಔಷಧಿ, ಅಂಗಡಿಯ ವಿಟಮಿನ್ ಅಲ್ಲ.

ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಸಮಯ, ಲಕ್ಷಣ ಶುರುವಾದಾಗಿನಿಂದ 4.5 ಗಂಟೆ. ಬಾಯಿ ಸೊಟ್ಟಗಾಗಿ, ಕೈ ಜೋತುಬಿದ್ದಾಗ ಮಾತ್ರೆ ನುಂಗಿಸುತ್ತ ಕೂತರೆ ಆ ಹೊತ್ತೂ ಕಳೆಯುತ್ತದೆ, ಅಲ್ವಾ? ನುಂಗುವ ಶಕ್ತಿಯೇ ಹೋಗಿದ್ದರೆ ಮಾತ್ರೆ ಶ್ವಾಸನಾಳಕ್ಕೂ ಇಳಿಯಬಹುದು.

– ಒಬ್ಬ ಓದುಗ