ಮಂಡಿ ಮುಟ್ಟಿ ನೋಡಿದ ಆ ಮೇಡಂಗೆ

ಅವತ್ತು ನನ್ನ ಮಂಡಿ ನೋಡಿದ ಫಿಸಿಯೋಥೆರಪಿ ಮೇಡಂ, ನಿಮ್ಮ ಹೆಸರೂ ಕೇಳಲಿಲ್ಲ ನಾನು, ಕ್ಷಮಿಸಿ. ಸುಮ್ನೆ ಉಳುಕಿದೆ ಅಂದುಕೊಂಡಿದ್ದೆ. ನೀವು ಕೈಯನ್ನು ಒಂದು ಮಂಡಿ ಮೇಲೆ, ಆಮೇಲೆ ಇನ್ನೊಂದರ ಮೇಲೆ ಇಟ್ಟು, "ಇದು ಬಿಸಿ ಇದೆ, ಹಲ್ಲು ಕೀಳಿಸಿದಾಗ ರಕ್ತ ಬೇಗ ನಿಂತಿತ್ತಾ?" ಅಂತ ಕೇಳಿದಿರಿ. ಎರಡು ದಿನ ನಿಂತಿರಲಿಲ್ಲ! ಮಸಾಜ್ ಬೇಡ, ಆಸ್ಪಿರಿನ್, ಐಬುಪ್ರೊಫೇನ್ ಮುಟ್ಟಲೇಬೇಡಿ, ಐಸ್ ಇಟ್ಟು ಕಾಲು ಎತ್ತರದಲ್ಲಿ ಇಟ್ಟುಕೊಳ್ಳಿ, ಇವತ್ತೇ ರಕ್ತದ ಡಾಕ್ಟರಿಗೆ ತೋರಿಸಿ ಅಂದಿರಿ. ಟೆಸ್ಟಿನಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅನ್ನೋ ಪ್ರೋಟೀನ್ ಶೇ. 14 ಮಾತ್ರ ಇತ್ತು. 5ರಿಂದ 40ರ ನಡುವೆ ಇದ್ದರೆ ಸೌಮ್ಯ ಹಿಮೋಫಿಲಿಯಾ ಅಂತೆ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದೆ ಕೀಲಿನೊಳಗೂ ಸೋರಬಹುದಾದ ಕಾಯಿಲೆ. ಸೌಮ್ಯ ಅನ್ನೋದು ನನ್ನ ಮಂಡಿಗೆ ಗೊತ್ತಿರಲಿಲ್ಲ ಬಿಡಿ. ಈಗ ಕೀಲು ಜುಮ್ಮೆಂದರೂ ಊತ ಬರುವ ತನಕ ಕಾಯುವುದಿಲ್ಲ. ನಿನ್ನೆ ಮೆಟ್ಟಿಲು ಹತ್ತಿದೆ ಮೇಡಂ, ಕಂಬಿ ಹಿಡಿಯದೆ.