ಗಾಸಿಪ್ ಅಂದ್ರೆ ಹಗುರ ಆಗ್ಬಿಡತ್ತಾ?

ಸಂಪಾದಕರೇ, ನಮಸ್ಕಾರ.

ಸಿನಿಮಾ ಪುಟದಲ್ಲಿ ಯಾರ ಸಂಸಾರ ಮುರೀತು, ಯಾವ ನಟಿ ಯಾರ ಜೊತೆ ಓಡಾಡ್ತಿದಾಳೆ ಅನ್ನೋದನ್ನೆಲ್ಲಾ 'ಗಾಸಿಪ್' ಅಂತ ಹೆಡ್ಡಿಂಗ್ ಕೊಟ್ಟು ಹಾಕ್ತೀರ, ಓದೋರೂ ಗಾಸಿಪ್ ತಾನೇ ಬಿಡು ಅಂತ ವಾಟ್ಸಾಪಲ್ಲಿ ತಳ್ತಾರೆ. ಅದನ್ನೇ ಚಾಡಿ ಅಂತಲೋ ಇಲ್ಲದ್ದು ಹುಟ್ಟಿಸಿದ್ದು ಅಂತಲೋ ಕರೆದ್ರೆ ಹಾಕೋಕೆ ನಿಮಗೇ ಕೈ ಬರಲ್ಲ ಅನ್ಸತ್ತೆ.

ಈ ಪದದ ಕಥೆ ನೋಡಿದ್ರೆ ಬೇಜಾರಾಗತ್ತೆ. ಇದರ ಮೂಲ ಹಳೇ ಇಂಗ್ಲಿಷಿನ 'ಗಾಡ್‌ಸಿಬ್', ಅಂದ್ರೆ ಕ್ರೈಸ್ತರಲ್ಲಿ ಮಗುವಿನ ದೀಕ್ಷಾಸ್ನಾನದ ಹೊತ್ತಲ್ಲಿ ಜವಾಬ್ದಾರಿ ಹೊರೋ ಧರ್ಮಪಿತ, ಧರ್ಮಮಾತೆ, ಆಮೇಲೆ ಅದು ಆಪ್ತ ಗೆಳತಿ ಅಂತಾಯ್ತು, ಹೆರಿಗೆ ಹೊತ್ತಲ್ಲಿ ಬಾಣಂತಿ ಪಕ್ಕ ಕೂತು ಧೈರ್ಯ ಹೇಳೋ ಹೆಂಗಸರನ್ನೂ ಹಾಗೇ ಕರೀತಿದ್ರು. 16ನೇ ಶತಮಾನದ ಹೊತ್ತಿಗೆ ಅದೇ ಪದ ಕೆಲಸವಿಲ್ಲದೆ ಮಾತಾಡೋ ಹೆಂಗಸು ಅನ್ನೋ ಬೈಗುಳ ಆಯ್ತು. ಸ್ಕಾಟ್ಲೆಂಡ್, ಇಂಗ್ಲೆಂಡಲ್ಲಿ ಅದೇ ಕಾಲದ ಸುಮಾರಿಗೆ, ಬಾಯಿಬಡುಕಿ ಅಂತ ಆರೋಪ ಹೊತ್ತವಳ ತಲೆಗೆ ಕಬ್ಬಿಣದ ಚೌಕಟ್ಟು ತೊಡಿಸಿ ನಾಲಿಗೆ ಅಲ್ಲಾಡದಂತೆ ತಗಡು ತುರುಕಿ ಬೀದೀಲಿ ನಡೆಸ್ತಿದ್ರು. ಅಂದ್ರೆ ಹೆಂಗಸರ ಒಡನಾಟಕ್ಕಿದ್ದ ಒಳ್ಳೇ ಹೆಸರೇ ಕೆಟ್ಟು ಹೋಯ್ತು. ಈಗ ನಾವೂ ಅದನ್ನ ಹೆಚ್ಚಾಗಿ ಹೆಣ್ಮಕ್ಕಳ ವಿಷಯಕ್ಕೇ ಅಂಟಿಸ್ತೀವಿ, ನಟರ ಬಗ್ಗೆ ಬಂದ್ರೆ ಮಾತ್ರ ಸುದ್ದಿ!

'ಮಿಸ್ಚಿಫ್' ಕೂಡ ಹಾಗೇನೆ. ಮಕ್ಕಳ ಇಂಗ್ಲಿಷ್ ಕಾಲಂನಲ್ಲಿ ತುಂಟತನ ಅಂತ ಅರ್ಥ ಕೊಟ್ಟು ಬಿಟ್ಬಿಡ್ತೀರ, ಕೀಟಲೆ ಚೇಷ್ಟೆಗೆ ಅದು ಸರಿ, ಆದ್ರೆ ಕೋರ್ಟಲ್ಲಿ ಅದು ನಷ್ಟ ಆಗತ್ತೆ ಅಂತ ಗೊತ್ತಿದ್ದೂ ಇನ್ನೊಬ್ಬರ ಆಸ್ತಿ ಹಾಳು ಮಾಡೋ ಅಪರಾಧ. ಮೊದಲು ಹಳೇ ದಂಡ ಸಂಹಿತೆ ಐಪಿಸಿಯ ಸೆಕ್ಷನ್ 425 ಇತ್ತು, 2024ರ ಜುಲೈ 1ರಿಂದ ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 324, ಸಾಮಾನ್ಯ ಕೇಸಿಗೇ 6 ತಿಂಗಳವರೆಗೆ ಜೈಲು, ನಷ್ಟ 1 ಲಕ್ಷ ದಾಟಿದ್ರೆ 5 ವರ್ಷದವರೆಗೆ. ಪಕ್ಕದ ಮನೆ ಕಾರಿನ ಗಾಜು ಒಡೆದ ಹುಡುಗನಿಗೆ ಇದು ತುಂಟಾಟ ಅಲ್ಲ ಅಂತ ಗೊತ್ತಾಗೋದು ಬೇಡ್ವಾ? ಕಿಡಿಗೇಡಿ ಕೃತ್ಯ ಅಂತ ನೀವೇ ಕ್ರೈಂ ಪುಟದಲ್ಲಿ ಬರೀತೀರಲ್ಲ, ಆ ಅರ್ಥಾನೂ ಕಾಲಂನಲ್ಲಿ ಸೇರಿಸಿ.

ಗಾಸಿಪ್ಪಿಗೂ ಕಾನೂನು ಇದೆ, ಮಾನಹಾನಿ ಅದೇ ಸಂಹಿತೆಯ 356ರಲ್ಲಿದೆ, 2 ವರ್ಷದವರೆಗೆ ಶಿಕ್ಷೆ ಆಗಬಹುದು. ದಯವಿಟ್ಟು ಆ ಹೆಡ್ಡಿಂಗ್ ತೆಗೀರಿ, ಖಚಿತ ಇಲ್ಲದ್ದನ್ನ ಹಾಕ್ಬೇಡಿ, ಹಾಕೋ ಮುಂಚೆ ಆ ಹೆಣ್ಮಗಳಿಗೆ ಒಂದು ಫೋನ್ ಮಾಡಿ ಕೇಳಿ.

— ನಿಮ್ಮ ಓದುಗಳು, ಮೈಸೂರು