ಪುಟ್ಟಿ, ಆ ಕ್ಯಾಮೆರಾ ಮಾರ್ಬೇಡ

ಪುಟ್ಟಿ,

ಫೋನಲ್ಲೇ ಹೇಳೋಣ ಅಂದ್ಕೊಂಡೆ, ಆದ್ರೆ ಫೋನಲ್ಲಿ ನೀನು "ಅಮ್ಮ ಮೀಟಿಂಗ್ ಇದೆ, ಆಮೇಲ್ ಮಾಡ್ತೀನಿ" ಅಂತೀಯ, ನಂಗೂ ಮಾತು ಅರ್ಧದಲ್ಲಿ ತುಂಡಾದ್ರೆ ಮತ್ತೆ ಎಲ್ಲಿಂದ ಎತ್ಕೋಬೇಕು ಗೊತ್ತಾಗಲ್ಲ, ಅದಕ್ಕೆ ಬೆಳಿಗ್ಗೆ ಕೆಲಸ ಎಲ್ಲ ಮುಗಿಸಿ ಜಗಲಿ ಮೇಲೆ ಕೂತು ಬರೀತಿದೀನಿ.

ಹೋದ್ ವಾರ ನೀನು ಹೇಳ್ದೆ, ಬೀರುವಿನಲ್ಲಿರೋ ಕ್ಯಾಮೆರಾ ಬ್ಯಾಗನ್ನ ಅಪ್ಪನ ಕೈಲಿ ಕಳಿಸು, ಆನ್‌ಲೈನಲ್ಲಿ ಹಾಕಿ ಬಂದಷ್ಟಕ್ಕೆ ಮಾರ್ಬಿಡ್ತೀನಿ ಅಂತ. ಯಾಕೆ ಅಂದಿದ್ದಕ್ಕೆ "ಏನ್ ಪ್ರಯೋಜನ ಅಮ್ಮ, ಅದ್ರಲ್ಲೇನು ದುಡೀತೀನಾ, ನಾನು ತೆಗೆಯೋದನ್ನೆಲ್ಲ ನನಗಿಂತ ಚೆನ್ನಾಗಿ ತೆಗ್ದಿರೋರು ಸಾವಿರ ಜನ ಇದಾರೆ" ಅಂದೆ. ದುಡ್ಡಿಗೆ ಕಷ್ಟ ಇದ್ದು ಮಾರ್ತೀನಿ ಅಂದಿದ್ರೆ ನಾನು ಸುಮ್ಮನಿರ್ತಿದ್ದೆ. ಆ ಮಾತು ಹೇಳೋವಾಗ ನಿನ್ನ ದನಿ ಇಳಿದು ಹೋಗಿತ್ತು, ಅದು ನನ್ನ ಮನಸ್ಸಿಂದ ಹೋಗ್ತಾ ಇಲ್ಲ.

ನಿಂಗೊಂದು ವಿಷ್ಯ ಹೇಳಿಲ್ಲ. ಕ್ಯಾಮೆರಾ ಬೀರುವಿನಲ್ಲಿಲ್ಲ. ಎರಡು ವರ್ಷದಿಂದ ಅದನ್ನ ನಾನು ಬಳಸ್ತಿದೀನಿ.

ಅದು ಯಾಕೆ ಶುರು ಆಯ್ತು ಅಂತ ಹೇಳ್ಬೇಕಂದ್ರೆ ನಿಮ್ಮಜ್ಜಿ ಹೋದ ದಿನಕ್ಕೆ ಹೋಗ್ಬೇಕು. 2020, ಲಾಕ್‌ಡೌನು, ನೀನು ಬೆಂಗಳೂರಲ್ಲೇ ಸಿಕ್ಕಾಕೊಂಡಿದ್ದೆ, ಬರಕ್ಕಾಗ್ಲಿಲ್ಲ, ಹಾಗಾಗಿ ಇದು ನಿಂಗೆ ಗೊತ್ತಿಲ್ಲ. 11ನೇ ದಿನದ ತಿಥಿಗೆ ಇಡಕ್ಕೆ ಅವ್ವಂದು ಒಂದು ಫೋಟೋ ಬೇಕಿತ್ತು. ಮನೆಯೆಲ್ಲ ಹುಡುಕಿದ್ವಿ. ನನ್ನ ಮದ್ವೆ ಆಲ್ಬಮ್ಮಲ್ಲಿ ಅವ್ವ ಎಲ್ಲಾ ಕಡೆ ಬೇರೆಯವರ ಹಿಂದೆ ನಿಂತಿದಾಳೆ, ಒಂದ್ರಲ್ಲಿ ಅರ್ಧ ಮುಖ, ಇನ್ನೊಂದ್ರಲ್ಲಿ ಬಗ್ಗಿ ಎಲೆ ಎತ್ತಾ ಇದಾಳೆ. ಕೊನೆಗೆ ಸಿಕ್ಕಿದ್ದು ವೋಟರ್ ಕಾರ್ಡು. ಹೆಬ್ಬೆರಳಷ್ಟು ಮುಖ. ಸ್ಟುಡಿಯೋ ಹುಡುಗ ಅದನ್ನ ದೊಡ್ಡದು ಮಾಡಿ, ಕತ್ತಿನಿಂದ ಕೆಳಕ್ಕೆ ಯಾರದೋ ರೇಷ್ಮೆ ಸೀರೆ ಉಟ್ಟ ಮೈ ಜೋಡಿಸಿ, ಮುಖಕ್ಕೆ ಬಿಳುಪು ಬಳಿದು ಕೊಟ್ಟ. ಅವನ ತಪ್ಪೇನಿಲ್ಲ ಮಗಾ, ನಾವು ಕೊಟ್ಟಿದ್ದೇ ಅಷ್ಟು. ಆದ್ರೆ ಅವ್ವಂಗೆ ಆ ಥರ ಸೀರೆ ಒಂದೂ ಇರ್ಲಿಲ್ಲ, ಮೂಗುಬೊಟ್ಟು ಎಲ್ಲೋ ಅಳಿಸಿಹೋಗಿತ್ತು, ಆ ಮೂಗುಬೊಟ್ಟಿಲ್ದೆ ನಾನು ಅವ್ವನ್ನ ಜೀವಮಾನದಲ್ಲೇ ನೋಡಿಲ್ಲ. ನಿಮ್ಮ ಮಾವನ ಮೊಮ್ಮಗ ಫೋಟೋ ಮುಂದೆ ನಿಂತು "ಇದ್ಯಾರು" ಅಂತ ಕೇಳ್ದ.

ನೀನು 2018ರಲ್ಲಿ ತಗೊಂಡ ಕ್ಯಾಮೆರಾ ಆಗ್ಲೇ ಬೀರುವಿನಲ್ಲಿತ್ತು. ಅವ್ವ ಇದ್ದಿದ್ದು ಆಚೆ ಬೀದೀಲಿ. ಯಾರಿಗೂ ಹೊಳೀಲಿಲ್ಲ, ನಂಗೂ ಹೊಳೀಲಿಲ್ಲ. ಇವತ್ತಿಗೂ ಅದು ಎದೇಲಿ ಚುಚ್ಚುತ್ತೆ.

ರಿಟೈರ್ ಆದ್ಮೇಲೆ ಬೆಳಿಗ್ಗೆ ಒಂಬತ್ತೂವರೆ ಅಂದ್ರೆ ಸಾಕು ಕಾಲು ಸ್ಕೂಲ್ ಕಡೆಗೇ ಎಳೆಯೋದು. 34 ವರ್ಷ ಬೆಲ್ ಹೊಡೆದ ಹಾಗೆ ಎದ್ದು ಕೂತು ಅಭ್ಯಾಸ, ಇದ್ದಕ್ಕಿದ್ದಂಗೆ ದಿನ ಅನ್ನೋದು ಖಾಲಿ ಪಾತ್ರೆ ಥರ ಆಗೋಯ್ತು. ಒಂದಿನ ಬೀರು ಒರೆಸ್ತಾ ನಿನ್ನ ಬ್ಯಾಗ್ ತೆಗೆದೆ. ಅದ್ರೊಳಗೆ ನಿನ್ನ ಪುಟ್ಟ ನೋಟ್‌ಬುಕ್ಕು, ಪೆನ್ಸಿಲಲ್ಲಿ ಬರೆದಿದ್ದೆ, "ಕಣ್ಣಿಗೆ ಫೋಕಸ್. ಶಟರ್ 1/60 ಸೆಕೆಂಡಿಗಿಂತ ನಿಧಾನ ಬೇಡ, ಕೈ ಅಲ್ಲಾಡುತ್ತೆ" ಅಂತ. ನಾನು ಕಲಿತಿದ್ದು ಆ ನೋಟ್‌ಬುಕ್ಕಿಂದಾನೇ ಪುಟ್ಟಿ. ಮಗಳು ಬರೆದ ನೋಟ್ಸ್ ಇಟ್ಕೊಂಡು ಓದೋ ಭಾಗ್ಯ ಎಷ್ಟು ಜನ ಟೀಚರಿಗೆ ಬರುತ್ತೆ ಹೇಳು.

ಮೊದಲ ತಿಂಗಳು ತೆಗ್ದಿದ್ದೆಲ್ಲ ಕಪ್ಪು ಕಪ್ಪು. ಸುಣ್ಣ ಬಳಿದ ಗೋಡೆ ಮುಂದೆ ನಿಲ್ಸಿ ತೆಗೀತಿದ್ದೆ, ಗೋಡೆ ಚೆನ್ನಾಗಿ ಬರೋದು, ಮನುಷ್ಯರ ಮುಖ ಮಸಿ ಹಿಡಿದಂಗೆ ಬರೋದು. ಆಮೇಲೆ ಗೊತ್ತಾಯ್ತು, ಕ್ಯಾಮೆರಾದ ಬೆಳಕು ಅಳೆಯೋ ಮೀಟರು ಎದುರಿಗಿರೋದನ್ನೆಲ್ಲ ಸರಾಸರಿ ಬೂದುಬಣ್ಣ ಅಂತ ಲೆಕ್ಕ ಹಾಕುತ್ತೆ, ಬಿಳಿ ಜಾಸ್ತಿ ಕಂಡ್ರೆ ಬೆಳಕು ಜಾಸ್ತಿ ಆಯ್ತು ಅಂತ ಕಮ್ಮಿ ಮಾಡ್ಬಿಡುತ್ತೆ. ನಮ್ಮ ಕಡೆ ಬಿಸಿಲಲ್ಲಿ ದುಡಿದು ಕಪ್ಪಾದ ಮುಖ, ಹಿಂದೆ ಬಿಳಿ ಗೋಡೆ, ಮುಖ ಮುಳುಗಿ ಹೋಗುತ್ತೆ. ಈಗ ಕ್ಯಾಮೆರಾದಲ್ಲಿ ಬೆಳಕನ್ನ ಪ್ಲಸ್ ಒಂದು ಅಂತ ಜಾಸ್ತಿ ಇಡ್ತೀನಿ, ಇಲ್ಲಾಂದ್ರೆ ಗೋಡೆ ಬಿಟ್ಟು ಹಜಾರದೊಳಗೆ ಕೂರಿಸ್ತೀನಿ. ಹೆಂಚಿನ ಮನೆ ಬೆಳಕಿಂಡಿ ಗೊತ್ತಲ್ಲ, ಆ ಒಂದೇ ಒಂದು ಗಾಜಿನ ಹೆಂಚಿಂದ ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೆ ಇಳಿಯೋ ಬೆಳಕಿದೆಯಲ್ಲ, ಅದು ಮುಖದ ಒಂದೊಂದು ಗೆರೆಯನ್ನೂ ಕೈಯಲ್ಲಿ ಸವರಿ ತೋರಿಸಿದಂಗೆ ತೋರಿಸುತ್ತೆ. ಹುಟ್ಟಿದಾಗಿಂದ ಅಂಥ ಮನೇಲೇ ಇದ್ದೆ, ಆ ಬೆಳಕನ್ನ ನೋಡಿದ್ದು 60 ದಾಟಿದ್ಮೇಲೆ.

ಊರಲ್ಲಿ ವಯಸ್ಸಾದೋರ ಹತ್ರ ಹೋಗಿ ಒಂದ್ ಫೋಟೋ ತೆಗೀಲಾ ಅಂತ ಕೇಳಕ್ಕೆ ಶುರು ಮಾಡ್ದೆ. ಮೂಲೆಮನೆ ಅಜ್ಜಿ ಗೊತ್ತಲ್ಲ, ನೀನು ಚಿಕ್ಕೋಳಿದ್ದಾಗ ಹುರಿಗಡ್ಲೆ ಕೊಡೋರು, ಅವರು ಬೈದು ಕಳಿಸಿದ್ರು. "ಫೋಟ ಹಿಡುದ್ರೆ ಆಯಸ್ಸು ಕಮ್ಮಿ ಆಯ್ತದೆ ಕಣ್ ಟೀಚರಮ್ಮ, ನನ್ನ ಕಳ್ಸಕ್ಕೆ ಬಂದಿದ್ಯಾ" ಅಂತ. ಸರಿ ಅಂತ ವಾಪಸ್ ಬಂದೆ. ಎರಡು ತಿಂಗಳಾದ್ಮೇಲೆ ಅವರೇ ಹೇಳಿ ಕಳಿಸಿದ್ರು, ಬಾ, ಒಂದ್ ಹಿಡಿ, ಇರ್ಲಿ ಅಂತ. ಹೋದ್ರೆ ಎಲೆಅಡಿಕೆ ಉಗಿದು ಬಾಯಿ ಮುಕ್ಕಳಿಸಿ, ಮೂಗುಬೊಟ್ಟನ್ನ ಸೆರಗಿನ ತುದೀಲಿ ಉಜ್ಜಿ ಉಜ್ಜಿ ಹೊಳಪು ಮಾಡ್ಕೊಂಡು ಕೂತಿದಾರೆ. ನಾನು 50 ಎಂಎಂ ಲೆನ್ಸ್ ಹಾಕ್ದೆ, ಅದು ಹಾಕಿದ್ರೆ ಸಣ್ಣ ಮನೇಲಿ ಹಿಂದಕ್ಕೆ ಸರಿದು ಸರಿದು ಗೋಡೆಗೆ ಬೆನ್ನು ತಾಗುತ್ತೆ. ಇನ್ನೇನು ಬಟನ್ ಒತ್ಬೇಕು, "ತಡಿ ತಡಿ" ಅಂತ ಎದ್ದು ಒಳಗೆ ಹೋದ್ರು. ಬಂದಾಗ ಕೈಲಿ ಪೈರು ಕೊಯ್ಯೋ ಕುಡ್ಲು. ಹಿಡಿ ಸವೆದು ಬೆರಳಿನ ಅಚ್ಚು ಮೂಡಿರೋ ಹಳೇ ಕುಡ್ಲು. "ಕೈ ಖಾಲಿ ಇದ್ರೆ ನಾನು ಅನ್ಸಕ್ಕಿಲ್ಲ ಕಣವ್ವ" ಅಂದ್ರು.

ಒಂಬತ್ತು ಫೋಟೋ ತೆಗೆದೆ. ಒಂದ್ರಲ್ಲಿ ನಗ್ತಿದಾರೆ, ಎಷ್ಟು ಚೆಂದ ಬಂದಿತ್ತು ಅಂದ್ರೆ ನಾನು ಅದನ್ನೇ ಪ್ರಿಂಟ್ ಹಾಕ್ಸೋಣ ಅಂದ್ಕೊಂಡೆ, ಸ್ಕ್ರೀನಲ್ಲಿ ತೋರಿಸಿದ್ರೆ ಅಜ್ಜಿ ಒಪ್ಲೇ ಇಲ್ಲ, ಕುಡ್ಲನ್ನ ತೊಡೆ ಮೇಲಿಟ್ಟು ನೆಟ್ಟಗೆ ನೋಡ್ತಿರೋದನ್ನ ತೋರಿಸಿ "ಇದು ನಾನು" ಅಂದ್ರು. ಅಷ್ಟೊತ್ತೂ ನಾನು ಒಳ್ಳೆ ಫೋಟೋ ಯಾವ್ದು ಅಂತ ಹುಡುಕ್ತಿದ್ದೆ, ಅವರು ತಮ್ಮನ್ನ ಹುಡುಕ್ತಿದ್ರು. ಅವತ್ತಿಂದ ಆರಿಸೋ ಕೆಲಸ ನಾನು ಮಾಡಲ್ಲ, ಅವರಿಗೇ ಬಿಡ್ತೀನಿ.

ಅಜ್ಜಿ ಇನ್ನೂ ಗಟ್ಟಿಮುಟ್ಟಾಗಿದಾರೆ. 12-18 ಇಂಚಿನ ಸೈಜಲ್ಲಿ ಪ್ರಿಂಟ್ ಹಾಕ್ಸಿ ಕಟ್ಟು ಹಾಕಿಸಿ ಕೊಟ್ಟೆ, ದೇವರ ಗೂಡಿನ ಪಕ್ಕ ಮೊಳೆ ಹೊಡ್ಸಿ ನೇತಾಕಿದಾರೆ, ಮನೆಗೆ ಬಂದೋರಿಗೆಲ್ಲ ತೋರಿಸ್ತಾರೆ. ಪ್ರಿಂಟಿಗೆ ಮಂಡ್ಯಕ್ಕೆ ಹೋದಾಗೆಲ್ಲ ಲ್ಯಾಬ್ ಹುಡುಗ "ಸ್ವಲ್ಪ ಬೆಳ್ಳಗೆ ಮಾಡ್ಲಾ ಮೇಡಂ" ಅಂತಾನೆ, ಬೇಡಪ್ಪ ಇದ್ದಂಗೇ ಇರ್ಲಿ ಅಂತ ಪಕ್ಕದಲ್ಲೇ ಕೂತು ಮಾಡಿಸ್ಕೊಂಡು ಬರ್ತೀನಿ. ಖರ್ಚು ಪೆನ್ಶನ್ನಲ್ಲಿ. ದುಡ್ಡು ಯಾರ ಹತ್ರನೂ ತಗೊಳಲ್ಲ, ಆದ್ರೆ ಅವರು ಬಿಡಲ್ಲ, ಅವರೆಕಾಯಿ, ಕುಂಬಳಕಾಯಿ, ಆಲೆಮನೆಯಿಂದ ಬಿಸಿಬಿಸಿ ಬೆಲ್ಲ. ನಿಮ್ಮಪ್ಪ ಸ್ಕೂಟರಲ್ಲಿ ಕರ್ಕೊಂಡು ಹೋಗ್ತಾರೆ, ಅಕ್ಕಪಕ್ಕದ ಊರೂ ಸೇರಿ ಇವತ್ತಿಗೆ 61 ಜನ ಆಗಿದಾರೆ. ಅದ್ರಲ್ಲಿ ನಾಲ್ಕು ಜನ ತೀರ್ಕೊಂಡ್ರು. ಆ ನಾಲ್ಕು ತಿಥಿಯಲ್ಲೂ ಹಾರ ಹಾಕಿದ್ದು ಅವರ ಸ್ವಂತ ಮುಖಕ್ಕೆ, ಅವರ ಸ್ವಂತ ಸೀರೆ ಪಂಚೆಗೆ.

ಇದೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ ನೀನು ಪ್ರಯೋಜನ ಏನು ಅಂತ ಕೇಳ್ದಲ್ಲ, ಅದಕ್ಕೆ. ಆದ್ರೆ ನೀನೂ ಬಂದು ಅಜ್ಜಿಯರ ಫೋಟೋ ತೆಗಿ ಅಂತ ಹೇಳ್ತಿಲ್ಲ. ಇದು ನಂದು. ನಿಂದು ಬೇರೆ ಇದೆ, ಅದು ನಂಗೆ ಗೊತ್ತು, ನೀನು ಮರ್ತಿದೀಯ.

2002, ನೀನು ನಾಲ್ಕನೇ ಕ್ಲಾಸು. ರುದ್ರಾಕ್ಷಿಪುರದಿಂದ ಒಳಗೆ ಹೋಗಿ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ವಿ, ದೊಡ್ಡಪ್ಪನ ಮನೆಯೋರೆಲ್ಲ ಸೇರಿ. ಅಪ್ಪ 36 ಫೋಟೋದ ರೀಲು ಹಾಕಿ, ಎಲ್ಲರದ್ದೂ ಒಂದೊಂದು ತೆಗಿ ಅಂತ ನಿನ್ನ ಕೈಗೆ ಕ್ಯಾಮೆರಾ ಕೊಟ್ಟಿದ್ರು. ಯಾರದೋ ಮನೆ ಹಿತ್ತಲಿನ ಹುಣಸೇಮರ, ಮೇಲೆ ಹೆಜ್ಜಾರ್ಲೆ ಹಕ್ಕಿ, ಅದೇ ಪೆಲಿಕನ್, ಅದರ ಗೂಡು, ಮರಿ ತಾಯಿಯ ಗಂಟಲ ಚೀಲದೊಳಗೆ ತಲೆ ಪೂರ್ತಿ ತೂರಿಸಿ ಮೀನು ತಿಂತಿತ್ತು. "ಅಮ್ಮ, ಅದು ಮರೀನ ನುಂಗ್ತಿದೆ" ಅಂತ ಕಿರುಚ್ದೆ. ಆ ಮನೆ ಹೆಂಗಸು ನಕ್ಕು, ಇಲ್ಲ ಕಣವ್ವ ಉಣ್ಣಿಸ್ತಾ ಅದೆ, ನಮ್ಮೂರಿಗೆ ಬಾಣಂತನಕ್ಕೆ ಬಂದಿರೋ ಹೆಣ್ಮಕ್ಳು ಇವು ಅಂದ್ರು. ಆಮೇಲೆ ನೀನು ಊಟಕ್ಕೆ ಕರೆದ್ರೂ ಬರ್ಲಿಲ್ಲ. ತಲೆ ಮೇಲೆ ಹಿಕ್ಕೆ ಬಿದ್ರೂ ಅಲ್ಲಾಡ್ಲಿಲ್ಲ. ರೀಲು ತೊಳಿಸಿ ತಂದಾಗ 36ರಲ್ಲಿ 22 ಫೋಟೋ ಅದೇ ಮರ, ಅದೇ ಗೂಡು, ಹಕ್ಕಿ ಅವರೆಕಾಳಷ್ಟು. ಅಪ್ಪ ಬೈದ್ರು, ದೊಡ್ಡಮ್ಮಂಗೂ ಬೇಜಾರಾಯ್ತು. ನಾನು ಆ 22ನ್ನೂ ಸಾಲಾಗಿ ಜೋಡಿಸಿ ನೋಡ್ದೆ. ಮೊದಲನೇದ್ರಲ್ಲಿ ತಾಯಿ ಹಕ್ಕಿ ಇದೆ, ಆಮೇಲೆ ಹಾರಿ ಹೋಗಿದೆ, ನಡುವೆ ಬರೀ ಮರಿ ಕಾಯ್ತಾ ಇದೆ, ಕೊನೆಗೆ ತಾಯಿ ಬಂದಿದೆ. ಅಷ್ಟೊತ್ತೂ ನನ್ನ ಮಗಳು ಆ ಮರಿ ಜೊತೆ ಕಾದಿದಾಳೆ ಅಂತ ನಂಗೆ ಕಣ್ಣು ತುಂಬಿ ಬಂತು. ಆ ಪ್ರಿಂಟು ಇನ್ನೂ ನನ್ನ ಟ್ರಂಕಲ್ಲಿವೆ.

ನೀನು ಕ್ಯಾಮೆರಾ ಬಿಟ್ಟಿದ್ದು ಯಾವಾಗ ಅಂತ ನಾನು ಗಮನಿಸಿದೀನಿ. ಭಾನುವಾರ ಸಂಜೆ ಮೈಸೂರು ಅರಮನೆಗೆ ದೀಪ ಹಾಕ್ದಾಗ ಫೋಟೋ ತೆಗೆದು ಆನ್‌ಲೈನಲ್ಲಿ ಹಾಕಿದ್ದೆ, ಆ ಸಾಲು ಸಾಲು ದೀಪ, ಚೆನ್ನಾಗೇ ಇತ್ತು, ಆದ್ರೆ ಅದೇ ಜಾಗದಿಂದ ಅವತ್ತು ಇನ್ನೂರು ಜನ ತೆಗೀತಿದ್ರು. ಎಷ್ಟು ಜನ ಲೈಕ್ ಮಾಡಿದ್ರು ಅಂತ ಊಟ ಮಾಡ್ತಾ ಮಾಡ್ತಾ ಹತ್ತು ಸಲ ಮೊಬೈಲ್ ನೋಡ್ದೆ. ಕೊಕ್ಕರೆ ಬೆಳ್ಳೂರಲ್ಲಿ ನೀನು ಆ ಹಕ್ಕಿ ಬಿಟ್ಟು ಬೇರೆ ಏನನ್ನೂ ನೋಡಿರ್ಲಿಲ್ಲ ಪುಟ್ಟಿ.

ನಮ್ಮ ಮೈಸೂರಿನೋರೇ ಟಿ.ಎಸ್. ಸತ್ಯನ್ ಅಂತ ಇದ್ರು, 1923ರಲ್ಲಿ ಹುಟ್ಟಿದೋರು, 2009ರಲ್ಲಿ ಹೋದ್ರು. ಲೈಫ್ ಅಂಥ ಹೊರದೇಶದ ಪತ್ರಿಕೆಗಳಿಗೆಲ್ಲ ಫೋಟೋ ಕೊಟ್ಟೋರು, 1977ರಲ್ಲಿ ಪದ್ಮಶ್ರೀ ಬಂತು. ದೊಡ್ಡದೊಡ್ಡೋರನ್ನೆಲ್ಲ ತೆಗ್ದಿದಾರೆ, ಆದ್ರೆ ನಾನು ಪೇಪರಿಂದ ಕತ್ತರಿಸಿ ಇಟ್ಕೊಂಡಿದ್ದು ಅವರು ತೆಗೆದ ಸಾಮಾನ್ಯ ಜನರ ಫೋಟೋಗಳು, ಮಕ್ಕಳ ಫೋಟೋಗಳು. ಅವರದು ಅದೇ ಕಸುಬು, ಅನ್ನ ಕೊಟ್ಟಿದ್ದೂ ಅದೇ. ನಿಂಗೆ ಹಾಗಿಲ್ಲ. ನಿನ್ನ ಅನ್ನ ಆಫೀಸಲ್ಲಿ ಬರುತ್ತೆ. ಒಂದೇ ಮರದ ಮುಂದೆ ಅರ್ಧ ದಿನ ಕೂತು ಒಂದೂ ಸರಿ ಬರ್ಲಿಲ್ಲ ಅಂತ ವಾಪಸ್ ಬಂದ್ರೂ ನಿನ್ನ ಯಾರೂ ಕೇಳಲ್ಲ. ಇದು ಎಂಥ ದೊಡ್ಡ ಸ್ವಾತಂತ್ರ್ಯ ಗೊತ್ತಾ, ನೀನು ಅದನ್ನೇ ಕೊರತೆ ಅಂದ್ಕೊಂಡಿದೀಯ.

ದೂರದ್ದನ್ನ ಹತ್ರ ತೋರಿಸೋ ಉದ್ದ ಲೆನ್ಸು ಇದೆಯಲ್ಲ, 55-250 ಎಂಎಂದು, ಅದನ್ನ ನಾನು ಮುಟ್ಟಿರ್ಲಿಲ್ಲ. ಮೊನ್ನೆ ತೆಗೆದು ಬೆಳಕಿಗೆ ಹಿಡಿದ್ರೆ ಒಳಗೆ ಜೇಡರ ಬಲೆ ಥರ ಫಂಗಸ್ಸು. ಗಾಳಿಬೆಳಕಿಲ್ದೆ ಬಟ್ಟೆ ಮಧ್ಯೆ ಇಟ್ರೆ ಹಂಗಾಗುತ್ತಂತೆ. ಮೈಸೂರಿಗೆ ತಗೊಂಡೋಗಿ ಕ್ಲೀನ್ ಮಾಡಿಸಿದೀನಿ, ಈಗ ಗಟ್ಟಿ ಮುಚ್ಚಳದ ಡಬ್ಬೀಲಿ ತೇವ ಹೀರೋ ಸಿಲಿಕಾ ಪೊಟ್ಟಣದ ಜೊತೆ ಇದೆ.

ಮಾರ್ಚಲ್ಲಿ ಬಾ. ಆಗ ಕೊಕ್ಕರೆ ಬೆಳ್ಳೂರಲ್ಲಿ ಮರಿಗಳು ಗೂಡಲ್ಲಿರ್ತವೆ. ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಆಯ್ತು, ಮರದಿಂದ ಬಿದ್ದ ಮರಿಗಳನ್ನ ಊರೋರೇ ಸಾಕಿ ದೊಡ್ಡದು ಮಾಡಿ ಬಿಡ್ತಾರೆ. ಬೆಳಿಗ್ಗೆ ಆರಕ್ಕೇ ಹೋಗೋಣ, ನಾನು ಬುತ್ತಿ ಕಟ್ತೀನಿ, ನಿನ್ನ ಊಟಕ್ಕೆ ಕರಿಯಲ್ಲ. ಉದ್ದ ಲೆನ್ಸ್ ನಿಂಗೆ, 50 ಎಂಎಂ ಮಾತ್ರ ನಂಗೇ ಇರ್ಲಿ. ಆಮೇಲೂ ಮಾರ್ಬೇಕು ಅನ್ಸಿದ್ರೆ ನಂಗೇ ಮಾರು, ಪೆನ್ಶನ್ ಬಂದ ದಿನ ದುಡ್ಡು ಹಾಕ್ತೀನಿ.

ಇನ್ನೊಂದು. 61 ಜನರದ್ದು ತೆಗ್ದಿದೀನಿ, ನಂದು ಅಂತ ಒಂದೂ ಸರಿಯಾದ್ದಿಲ್ಲ. ಅಪ್ಪ ತೆಗೀತೀನಿ ಅಂದ್ರು, ನಾನೇ ಬೇಡ ಅಂದೆ. ಅದನ್ನ ನೀನು ತೆಗೀಬೇಕು, ಹಜಾರದಲ್ಲಿ, ಬೆಳಕಿಂಡಿ ಕೆಳಗೆ. ಬ್ಯಾಟರಿ ಚಾರ್ಜ್ ಮಾಡಿ ಇಟ್ಟಿರ್ತೀನಿ. ಕೈಲಿ ಏನ್ ಹಿಡ್ಕೊಳ್ಲಿ ಅಂತ ಮಾತ್ರ ಇನ್ನೂ ಗೊತ್ತಾಗಿಲ್ಲ.

ನಿನ್ನ
ಅಮ್ಮ